ಎರೆನೆಲದ ಅಂಗಳದಲ್ಲಿ ಅವ್ವನ ಶಾವಂತಿಗೆ

ನಮ್ಮ ಮನೆಯ ಅಂಗಳದಲ್ಲಿರುವ ಹೂಗಿಡಗಳಲ್ಲಿ ಹಣ ಕೊಟ್ಟು ತಂದವು ಎರಡು ಗುಲಾಬಿ ಮಾತ್ರ. ಉಳಿದವೆಲ್ಲ ಒಂದೊಂದು ಮನೆಯಿಂದ, ಒಬ್ಬೊಬ್ಬರ ಕೈಯಿಂದ ಬಂದವು. ಶಾವಂತಿಗೆ ಬಂದದ್ದು ಜೇವರ್ಗಿ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಮೇಲಿರುವ ನನ್ನ ತವರಿನಿಂದ. ದುಂಡು ಮಲ್ಲಿಗೆ ನಾವು ಹಿಂದೆ ಬಾಡಿಗೆಗಿದ್ದ ಮನೆಯ ನೆರೆಯವರಿಂದ. ಗುಲಬಾಕ್ಷಿ ನಮ್ಮ ಆಯಿಯ, ಅಂದರೆ ಅಜ್ಜಿಯ, ಸೆರಗಿನ ಗಂಟಿನಿಂದ. ಪಾರಿಜಾತ ಬೀದರಿನಲ್ಲಿರುವ ಅಕ್ಕನ ಅಂಗಳದಿಂದ. ಈ ಗಿಡಗಳನ್ನು ಕಲಬುರಗಿಯ ಬಿಸಿಲಿನಲ್ಲಿ, ಎರೆಮಣ್ಣಿನಲ್ಲಿ, ಬೋರಿನ ಗಡಸು ನೀರಿನಲ್ಲಿ ಇಪ್ಪತ್ತೈದು ವರ್ಷಗಳಿಗಿಂತ ಹೆಚ್ಚು ಕಾಲ ಹೇಗೆ ಉಳಿಸಿಕೊಂಡೆ, ಎಲ್ಲಿ ತಪ್ಪಿದೆ, ಒಮ್ಮೆ ತವರಿನಲ್ಲಿ ಪೂರ್ತಿ ಕಳೆದುಹೋದ ಹೂವು ಮತ್ತೆ ಅಲ್ಲಿಗೆ ಹೇಗೆ ಮರಳಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ಆದರೂ ಈ ಗಿಡಗಳ ವಿಷಯದಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನ ಪಾಲು ಅಕ್ಷರ ಬಾರದ ಹೆಂಗಸರಿಂದಲೇ ಬಂದದ್ದು.

ಸೇಡಂ ರಸ್ತೆಯ ಕಡೆಯ ಬಡಾವಣೆಯಲ್ಲಿ 1994ರಲ್ಲಿ ಮನೆ ಕಟ್ಟಿದಾಗ ಸುತ್ತಲೂ ತೊಗರಿ ಹೊಲಗಳಿದ್ದವು, ಮನೆಯ ನಿವೇಶನವೂ ಮೊದಲು ಹೊಲವೇ ಆಗಿತ್ತು. ಅಂಗಳದ ಅರ್ಧಕ್ಕೆ ಶಹಾಬಾದ್ ಫರ್ಸಿಕಲ್ಲು ಹಾಸಿ, ಉಳಿದ ಅರ್ಧವನ್ನು ಗಿಡಕ್ಕೆಂದು ಬಿಟ್ಟುಕೊಂಡೆವು. ಹೊಲದ ಮಣ್ಣಲ್ಲವೇ, ಏನು ಹಚ್ಚಿದರೂ ಬಂದೀತು ಎಂದು ನಾನು ನಂಬಿದ್ದೆ. ತೊಗರಿಗೂ ಜೋಳಕ್ಕೂ ಒಗ್ಗಿದ ಮಣ್ಣು ಮಲ್ಲಿಗೆಗೆ ಒಗ್ಗುತ್ತದೆಂಬ ಖಾತರಿ ಇಲ್ಲ ಎಂಬುದು ಮೊದಲ ಎರಡು ಬೇಸಿಗೆಗಳಲ್ಲಿ ತಿಳಿಯಿತು. ಎರೆಮಣ್ಣಿನ ಜೇಡಿ ಕಣಗಳು ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿ ಬಿಡದ ಅದೇ ನೆಲ ಏಪ್ರಿಲ್ ಹೊತ್ತಿಗೆ ಕೈ ಇಳಿಯುವಷ್ಟು ಅಗಲವಾಗಿ ಬಿರಿಯುತ್ತದೆ, ಮತ್ತು ಆ ಬಿರುಕು ತನ್ನ ದಾರಿಯಲ್ಲಿರುವ ಎಳೆಯ ಬೇರುಗಳನ್ನು ಹರಿದುಹಾಕುತ್ತದೆ. ಮೇಲೆ ನೀರು ಹಾಕುತ್ತಲೇ ಇದ್ದರೂ ಗಿಡ ಒಣಗುತ್ತಿದ್ದುದು ಏಕೆಂದು ಒಂದು ಸತ್ತ ಗಿಡವನ್ನು ಅಗೆದು ನೋಡಿದಾಗ ಗೊತ್ತಾಯಿತು. ಹಾಕಿದ ನೀರೆಲ್ಲ ಬಿರುಕಿನೊಳಗೆ ಇಳಿದುಹೋಗಿತ್ತು, ಬೇರುಗಳು ತುಂಡಾಗಿದ್ದವು.

ಇದಕ್ಕೆ ಪರಿಹಾರ ಸಿಕ್ಕಿದ್ದು ಬೀದರಿನಿಂದ. ಅಕ್ಕನನ್ನು ಅಲ್ಲಿಗೆ ಕೊಟ್ಟಿದ್ದರು. ಹುಮನಾಬಾದ್ ದಾಟಿ ಬೀದರಿನ ಕಡೆಗೆ ಹೋದಂತೆ ನೆಲದ ಬಣ್ಣವೇ ಬೇರೆಯಾಗುತ್ತದೆ. ಬೀದರ್ ಕೋಟೆ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ದಿನ್ನೆಯ ಮೇಲೆ, ಬಿದರಿ ಕೆಲಸದವರು ಪಾತ್ರೆಗೆ ಕಪ್ಪು ಬಣ್ಣ ಬರಿಸಲು ಬಳಸುವುದೂ ಆ ಕೋಟೆಯೊಳಗಿನ ಮಣ್ಣನ್ನೇ. ಅಕ್ಕನ ಅಂಗಳದ ಮಣ್ಣು ಹಿಡಿದರೆ ಬೆರಳ ಸಂದಿಯಿಂದ ಉದುರುತ್ತಿತ್ತು. ಭಾವನವರು ಮನೆ ವಿಸ್ತರಿಸಲು ಪಾಯ ತೋಡಿಸಿದ ವರ್ಷ ಆ ಮಣ್ಣನ್ನು ನಾಲ್ಕು ಚೀಲ ತುಂಬಿಸಿ, ನಮ್ಮ ಕಡೆ ಬರುವ ಲಾರಿಯೊಂದರಲ್ಲಿ ಕಳಿಸಿಕೊಟ್ಟರು. ಜೊತೆಗೆ ಒಂದು ಡಬ್ಬಿಯಲ್ಲಿ ಗೇಣುದ್ದದ ಪಾರಿಜಾತದ ಸಸಿ ಇತ್ತು. ಅಂದಿನಿಂದ ನಾನು ಪ್ರತಿ ಗಿಡಕ್ಕೂ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ತಳಕ್ಕೆ ಇಟ್ಟಿಗೆ ಚೂರು ಹರವಿ, ಒಂದು ಪಾಲು ಎರೆಮಣ್ಣು, ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ತುಂಬುತ್ತೇನೆ, ಮೇಲೊಂದು ಹಿಡಿ ಬೇವಿನ ಹಿಂಡಿ ಹಾಕುತ್ತೇನೆ. ಎರೆಮಣ್ಣನ್ನು ಪೂರ್ತಿ ಹೊರಗೆ ಹಾಕಬಾರದು, ಏಕೆಂದರೆ ನೀರನ್ನೂ ಪೋಷಕಾಂಶಗಳನ್ನೂ ಹಿಡಿದಿಡುವ ಶಕ್ತಿ ಅದಕ್ಕಿದ್ದಷ್ಟು ಕೆಂಪು ಮಣ್ಣಿಗಿಲ್ಲ. ಬೇಸಿಗೆಯಲ್ಲಿ ನೆಲ ಬಿರಿಯದಂತೆ ಬುಡದ ಸುತ್ತ ನಾಲ್ಕು ಬೆರಳು ದಪ್ಪ ತೊಗರಿ ಹೊಟ್ಟು ಹೊದಿಸುತ್ತೇನೆ. ನಮ್ಮ ಜಿಲ್ಲೆಯಲ್ಲಿ ಹಣವಿಲ್ಲದೆ ಸಿಗುವ ವಸ್ತುವೇನಾದರೂ ಇದ್ದರೆ ಅದು ತೊಗರಿಯ ಹೊಟ್ಟು ಮತ್ತು ತೊಗರಿ ಕಟ್ಟಿಗೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಹೊಟ್ಟು ಮಣ್ಣಾಗಿಬಿಡುತ್ತದೆ.

ಪಾರಿಜಾತದ ವಿಷಯದಲ್ಲಿ ನಾನು ಮಾಡಿದ್ದು ಬಹಳ ಕಡಿಮೆ. ಅದು ತಾನಾಗಿಯೇ ಬೆಳೆದು ಗೋಡೆಯ ಎತ್ತರ ಮುಟ್ಟಿತು. ರಾತ್ರಿ ಅರಳಿ ನಸುಕಿನಲ್ಲಿ ಉದುರುವ ಹೂವಾದ್ದರಿಂದ, ನೆಲಕ್ಕೆ ಬಿದ್ದರೂ ಪೂಜೆಗೆ ಸಲ್ಲುವ ಹೂವೆಂದು ನಮ್ಮಲ್ಲಿ ಇದನ್ನು ಒಪ್ಪಿಕೊಂಡಿದ್ದಾರೆ. ಶ್ರಾವಣ ಹಿಡಿದು ಕಾರ್ತಿಕದವರೆಗೂ ಮಗಳು ರಾತ್ರಿ ಮಲಗುವ ಮುನ್ನ ಗಿಡದ ಕೆಳಗೆ ನನ್ನ ಹಳೆಯ ಸೀರೆ ಹಾಸುತ್ತಿದ್ದಳು, ಬೆಳಿಗ್ಗೆ ನಾಲ್ಕು ಮೂಲೆ ಹಿಡಿದು ಎತ್ತಿ ತರುತ್ತಿದ್ದಳು. ಹೂವಿನ ಕೇಸರಿ ತೊಟ್ಟುಗಳನ್ನು ಬಿಡಿಸಿ ಬಿಸಿ ನೀರಿನಲ್ಲಿ ನೆನೆಸಿ ತನ್ನ ಬಿಳಿಯ ಕರವಸ್ತ್ರಕ್ಕೆ ಬಣ್ಣ ಹಾಕಿಕೊಂಡಿದ್ದು ಅವಳು ಐದನೆಯ ತರಗತಿಯಲ್ಲಿದ್ದಾಗ. ಎರಡು ಸಲ ಒಗೆದ ಮೇಲೆ ಬಣ್ಣ ಮಾಸಿತು. ಕರವಸ್ತ್ರ ನನ್ನ ಕಪಾಟಿನಲ್ಲಿ ಇನ್ನೂ ಇದೆ.

ಮಲ್ಲಿಗೆಯ ಕಥೆ ಅಷ್ಟು ಸುಲಭದ್ದಲ್ಲ. ಮದುವೆಯಾಗಿ ಕಲಬುರಗಿಗೆ ಬಂದ ಹೊಸತರಲ್ಲಿ, ಊರನ್ನು ಇನ್ನೂ ಗುಲಬರ್ಗಾ ಎಂದು ಬರೆಯುತ್ತಿದ್ದ ಕಾಲದಲ್ಲಿ, ನಾವು ಖ್ವಾಜಾ ಬಂದೇನವಾಜರ ದರ್ಗಾಕ್ಕೆ ನಡೆದುಹೋಗುವಷ್ಟು ದೂರದಲ್ಲಿ ಬಾಡಿಗೆಗಿದ್ದೆವು. ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ತಾಯಿ ಇದ್ದರು. ಓಣಿಯವರೆಲ್ಲ ಅವರನ್ನು ಖಾಲಾ ಎಂದೇ ಕರೆಯುತ್ತಿದ್ದರು. ಅವರ ಮನೆಯ ಬಚ್ಚಲ ನೀರು ಹರಿಯುವ ಕಡೆ ಒಂದು ಹಳೆಯ ಮಲ್ಲಿಗೆಯ ಗಿಡವಿತ್ತು. ಅವರು ಅದನ್ನು ಮೋಗ್ರಾ ಎನ್ನುತ್ತಿದ್ದರು, ನಮ್ಮ ಅತ್ತೆ ದುಂಡು ಮಲ್ಲಿಗೆ ಎನ್ನುತ್ತಿದ್ದರು. ಉರುಸಿನ ದಿನಗಳಲ್ಲಿ ಖಾಲಾ ಆ ಹೂವನ್ನು ಪೋಣಿಸಿ ದರ್ಗಾಕ್ಕೆ ಒಯ್ಯುತ್ತಿದ್ದರು, ಸೋಮವಾರ ಬಂದರೆ ಅತ್ತೆಯ ಲಿಂಗಪೂಜೆಗೆಂದು ಒಂದು ಬೊಗಸೆ ಗೋಡೆಯ ಮೇಲಿನಿಂದ ಕೊಡುತ್ತಿದ್ದರು. ನಾವು ಸ್ವಂತ ಮನೆಗೆ ಹೊರಟಾಗ, ಗಿಡದ ಒಂದು ಉದ್ದ ಟೊಂಗೆಯನ್ನು ಎರಡು ತಿಂಗಳ ಮೊದಲೇ ನೆಲಕ್ಕೆ ಬಾಗಿಸಿ, ನಡುವೆ ತೊಗಟೆಯನ್ನು ಸ್ವಲ್ಪ ಕೆರೆದು, ಮಣ್ಣು ಮುಚ್ಚಿ ಮೇಲೆ ಕಲ್ಲು ಹೇರಿ ಇಟ್ಟಿದ್ದನ್ನು ತೋರಿಸಿದರು. "ಇನ್ನೊಂದು ತಿಂಗಳು ತಡೆದು ಬಾ, ಬೇರು ಗಟ್ಟಿಯಾಗಲಿ" ಎಂದರು. ಅವರು ಹೇಳಿದಂತೆ ತಡೆದು ಹೋದೆ. ಅವರೇ ತಾಯಿಗಿಡದಿಂದ ಟೊಂಗೆ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟರು. ಜೂನ್, ಜುಲೈ ತಿಂಗಳಲ್ಲಿ ಹೀಗೆ ಹೂತಿಟ್ಟ ಟೊಂಗೆ ಮೂರರಿಂದ ನಾಲ್ಕು ತಿಂಗಳಲ್ಲಿ ಬೇರು ಬಿಡುತ್ತದೆ. ನಾನು ಈಗಲೂ ಮಲ್ಲಿಗೆಯನ್ನು ಹೀಗೆಯೇ ಸಸಿ ಮಾಡುತ್ತೇನೆ, ತುಂಡು ನೆಟ್ಟು ಬೆಳೆಸುವುದಕ್ಕಿಂತ ಇದರಲ್ಲಿ ಸೋಲುವುದು ಕಡಿಮೆ.

ಹೊಸ ಅಂಗಳದಲ್ಲಿ ಆ ಗಿಡ ಒಂದು ವರ್ಷ ಚೆನ್ನಾಗಿತ್ತು, ಆಮೇಲೆ ಎಲೆ ಹಳದಿಯಾಗತೊಡಗಿತು. ಗೊಬ್ಬರ ಸಾಲದೆಂದು ತಿಳಿದು ಯೂರಿಯಾ ಹಾಕಿದೆ. ಹಳದಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಚಿಗುರೆಲೆಯನ್ನು ಬಿಸಿಲಿಗೆ ಹಿಡಿದು ನೋಡಿದಾಗ ನರಗಳು ಮಾತ್ರ ಹಸಿರಾಗಿದ್ದು ನಡುವಿನ ಭಾಗವೆಲ್ಲ ಹಳದಿಯಾಗಿತ್ತು. ಇದು ಕಬ್ಬಿಣದ ಕೊರತೆಯ ಲಕ್ಷಣ. ನಮ್ಮ ಎರೆಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಸುಣ್ಣದ ಅಂಶ ಹೆಚ್ಚಿ ಮಣ್ಣು ಕ್ಷಾರಗುಣ ಪಡೆದಿರುವುದರಿಂದ ಇರುವ ಕಬ್ಬಿಣವನ್ನು ಬೇರು ಹೀರಿಕೊಳ್ಳಲಾರದು. ಅದರ ಮೇಲೆ ಬೋರಿನ ಗಡಸು ನೀರು ಸೇರಿದರೆ ಕೇಳುವುದೇ ಬೇಡ. ಕಿರಾಣಿ ಅಂಗಡಿಯಲ್ಲಿ ಅನ್ನಭೇದಿ ಎಂದು ಕೇಳಿದರೆ ಕೊಡುವ ಹಸಿರು ಹರಳು, ಅಂದರೆ ಕಬ್ಬಿಣದ ಸಲ್ಫೇಟ್, ಇದಕ್ಕೆ ಮದ್ದು. ಒಂದು ಲೀಟರ್ ಮಳೆನೀರಿಗೆ 5 ಗ್ರಾಂ ಅನ್ನಭೇದಿ, ಅರ್ಧ ನಿಂಬೆಹಣ್ಣಿನ ರಸ ಬೆರೆಸಿ, ಸಂಜೆಯ ಹೊತ್ತು ಎಲೆಗಳ ಎರಡೂ ಬದಿಗೆ ಸಿಂಪಡಿಸಿದೆ. ಹದಿನೈದು ದಿನಕ್ಕೊಮ್ಮೆಯಂತೆ ಮೂರು ಸಲ ಮಾಡಿದ ಮೇಲೆ ಹೊಸ ಚಿಗುರು ಹಸಿರಾಗಿ ಬಂತು. ಸಿಂಪಡಿಸುವಾಗ ಕೆಳಗಿನ ಫರ್ಸಿಗೆ ಗೋಣಿ ಹಾಸಲು ಮರೆತೆ. ಅಂದು ಬಿದ್ದ ತುಕ್ಕಿನ ಕಲೆ ಇಂದಿಗೂ ಹೋಗಿಲ್ಲ. ನೀರು ಶುದ್ಧಮಾಡುವ ಯಂತ್ರದಿಂದ ಹೊರಬೀಳುವ ನೀರನ್ನು ಗಿಡಕ್ಕೆ ಹಾಕುವವರನ್ನು ಬಹಳ ಮನೆಗಳಲ್ಲಿ ನೋಡಿದ್ದೇನೆ. ನೀರನ್ನು ಚೆಲ್ಲಬಾರದೆಂಬ ಅವರ ಕಾಳಜಿ ದೊಡ್ಡದು, ಆದರೆ ಆ ನೀರಿನಲ್ಲಿ ಲವಣ ಇನ್ನಷ್ಟು ಗಟ್ಟಿಯಾಗಿರುತ್ತದೆ. ಅದನ್ನು ಅಂಗಳ ತೊಳೆಯಲು ಬಳಸಿ, ಮಾಳಿಗೆಯ ಮಳೆನೀರನ್ನು ಪೀಪಾಯಿಗಳಲ್ಲಿ ಹಿಡಿದು ಮಲ್ಲಿಗೆಗೆ ಇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಸವರುವ ವಿಷಯದಲ್ಲಿಯೂ ಒಮ್ಮೆ ದೊಡ್ಡ ತಪ್ಪು ಮಾಡಿದೆ. ಗಿಡ ಅಡ್ಡಾದಿಡ್ಡಿ ಬೆಳೆದಿದೆಯೆಂದು ಒಂದು ಮಾರ್ಚ್ ತಿಂಗಳಲ್ಲಿ, ಪರೀಕ್ಷೆ ಮುಗಿದು ಬಿಡುವಿದ್ದಾಗ, ಅರ್ಧಕ್ಕೆ ಕತ್ತರಿಸಿಬಿಟ್ಟೆ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಮೊಗ್ಗು ಹೊತ್ತು ಬರುತ್ತಿದ್ದ ಚಿಗುರನ್ನೆಲ್ಲ ನಾನೇ ತೆಗೆದುಹಾಕಿದ್ದರಿಂದ ಆ ಬೇಸಿಗೆಯ ಮುಖ್ಯ ಹೂವೆಲ್ಲ ತಪ್ಪಿತು. ಅತ್ತೆ ಬೈಯಲಿಲ್ಲ. ಸೋಮವಾರದ ಪೂಜೆಗೆ ಕಣಗಿಲೆ ಏರಿಸಿ ಸುಮ್ಮನಾದರು, ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಈಗ ನವೆಂಬರ್ ಕೊನೆಗೆ ನೀರು ಕೊಡುವುದನ್ನು ನಿಲ್ಲಿಸುತ್ತೇನೆ. ಹತ್ತು ಹದಿನೈದು ದಿನ ಗಿಡವನ್ನು ಬಾಡಲು ಬಿಟ್ಟು, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಸವರಿ, ಉಳಿದ ಎಲೆಗಳನ್ನೂ ಕೈಯಿಂದ ಉದುರಿಸಿ, ಬುಡ ಬಿಡಿಸಿ ತಿಪ್ಪೆಗೊಬ್ಬರ ಕೊಟ್ಟು ಮತ್ತೆ ನೀರು ಹಾಯಿಸುತ್ತೇನೆ. ಹೀಗೆ ಮಾಡಿದರೆ ಶರಣಬಸವೇಶ್ವರರ ಜಾತ್ರೆಯ ಹೊತ್ತಿಗೆ, ಅಂದರೆ ಹೋಳಿ ಹುಣ್ಣಿಮೆಯ ನಂತರ ಐದನೆಯ ದಿನ ತೇರು ಎಳೆಯುವಾಗ, ಮೊದಲ ಮೊಗ್ಗುಗಳು ಬಂದಿರುತ್ತವೆ. ಮೊದಲ ಮಾಲೆ ಗುಡಿಗೆ ಹೋಗುತ್ತದೆ.

ಅತ್ತೆಗೆ ಕೊನೆಯ ಆರು ವರ್ಷ ಕಣ್ಣು ಕಾಣುತ್ತಿರಲಿಲ್ಲ. ಆದರೂ ಮಲ್ಲಿಗೆ ಬಿಡಿಸುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ನಸುಕಿನ ಐದು ಗಂಟೆಗೆ ಗೋಡೆ ಹಿಡಿದು ಬಂದು, ಫರ್ಸಿಯ ಕಟ್ಟೆಯ ಮೇಲೆ ಕುಳಿತು, ಎಡಗೈಯಿಂದ ಟೊಂಗೆ ಎಳೆದುಕೊಂಡು ಬಲಗೈಯ ಎರಡು ಬೆರಳಿನಿಂದ ಒಂದೊಂದೇ ಮೊಗ್ಗನ್ನು ಮುಟ್ಟಿ ನೋಡುತ್ತಿದ್ದರು. ಎಳೆಯ ಮೊಗ್ಗು ಗಟ್ಟಿಯಾಗಿರುತ್ತದೆ, ತುದಿ ಚೂಪಾಗಿರುತ್ತದೆ. ಅಂದು ಸಂಜೆ ಅರಳುವ ಮೊಗ್ಗು ದುಂಡಗೆ ಉಬ್ಬಿ ಮೆತ್ತಗಾಗಿರುತ್ತದೆ, ತೊಟ್ಟಿನಿಂದ ಸುಲಭವಾಗಿ ಬಿಡುತ್ತದೆ. ಕಣ್ಣಿರುವ ನಾನು ಬಿಡಿಸಿದರೆ ಹತ್ತರಲ್ಲಿ ಒಂದೆರಡು ಅರಳದೆ ಉಳಿಯುತ್ತಿದ್ದವು, ಅವರು ಬಿಡಿಸಿದ್ದರಲ್ಲಿ ಒಂದೂ ಉಳಿಯುತ್ತಿರಲಿಲ್ಲ. ಮೊಗ್ಗಿನೊಳಗೆ ಹುಳು ಹೊಕ್ಕಿದ್ದರೂ ಬೆರಳಿಗೇ ತಿಳಿಯುತ್ತಿತ್ತು. ಅಂಥದನ್ನು ಬೇರೆ ಬಟ್ಟಲಿಗೆ ಹಾಕಿ, "ಇದನ್ನು ಒಲೆಗೆ ಹಾಕು, ನೆಲಕ್ಕೆ ಹಾಕಬ್ಯಾಡ" ಎನ್ನುತ್ತಿದ್ದರು. ಮೊಗ್ಗು ಕೊರೆಯುವ ಹುಳು ಮಣ್ಣಿನಲ್ಲಿಯೇ ಕೋಶ ಕಟ್ಟಿ ಮತ್ತೆ ಪತಂಗವಾಗಿ ಏಳುತ್ತದೆಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದು ಆಮೇಲೆ. ಹುಳು ಹೆಚ್ಚಾದ ವರ್ಷ, ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಜಜ್ಜಿ ರಾತ್ರಿಯಿಡೀ ನೆನೆಸಿ, ಸೋಸಿ, ಚಿಟಿಕೆ ಸಾಬೂನಿನ ಪುಡಿ ಬೆರೆಸಿ ಸಿಂಪಡಿಸುತ್ತೇನೆ. ಅದಕ್ಕಿಂತ ಬಲವಾದ ಔಷಧವನ್ನು ಮನೆಯ ಅಂಗಳಕ್ಕೆ ತಂದಿಲ್ಲ. ಖಾಲಾ ಆಮೇಲೆ ಮಗನೊಂದಿಗೆ ಹೈದರಾಬಾದಿಗೆ ಹೋದರು, ಆ ಹಳೆಯ ಮನೆಯನ್ನು ಕೆಡವಿದರು. ಅವರ ಮೋಗ್ರಾ ಈಗ ಉಳಿದಿರುವುದು ನಮ್ಮಲ್ಲಿ ಮತ್ತು ನಾವು ಸಸಿ ಕೊಟ್ಟ ಮನೆಗಳಲ್ಲಿ.

ಆಯಿಯ ಗುಲಬಾಕ್ಷಿಯನ್ನು ಹಲವರು ಸಂಜೆಮಲ್ಲಿಗೆ ಎನ್ನುತ್ತಾರೆ. ಅದಕ್ಕೆ ಆರೈಕೆಯ ಮಾತೇ ಬೇಕಿಲ್ಲ. ಬೇಸಿಗೆಯಲ್ಲಿ ಮೇಲಿನದೆಲ್ಲ ಒಣಗಿ ಹೋದರೂ ನೆಲದೊಳಗಿನ ಗಡ್ಡೆ ಬದುಕಿದ್ದು ಮೊದಲ ಮಳೆಗೆ ಏಳುತ್ತದೆ. ಹೊಲದಿಂದ ಮುತ್ಯಾ (ಅಜ್ಜ) ಬರುವ ಮುಂಚೆ ರೊಟ್ಟಿಗೆ ಕುಳಿತುಕೊಳ್ಳಬೇಕೆಂದು ಆಯಿ ಈ ಹೂವನ್ನೇ ಗಡಿಯಾರ ಮಾಡಿಕೊಂಡಿದ್ದರು. ಬಿಸಿಲು ಇಳಿದು ನಾಲ್ಕು, ಐದರ ಹೊತ್ತಿಗೆ ಅದು ಅರಳಿದರೆ ಒಲೆ ಹೊತ್ತಿಸುತ್ತಿದ್ದರು. ಮೋಡ ಮುಸುಕಿದ ದಿನ ಹೂವು ಬೇಗ ಅರಳಿ, ರೊಟ್ಟಿಯೂ ಬೇಗ ಆಗಿ, ಮುತ್ಯಾ ತಣ್ಣಗಿನ ರೊಟ್ಟಿ ಉಣ್ಣುತ್ತಿದ್ದರು. ಅದರ ಕರಿಯ ಬೀಜ ಥೇಟ್ ಮೆಣಸಿನಕಾಳಿನಂತಿರುತ್ತದೆ. ನಾವು ಅದನ್ನು ಆಟದ ಅಡುಗೆಗೆ ಬಳಸುತ್ತಿದ್ದೆವು. ಬೀಜವೂ ಗಡ್ಡೆಯೂ ವಿಷವಾದ್ದರಿಂದ, ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿರುವ ಮನೆಯವರು ಬೀಜ ಉದುರುವ ಮೊದಲೇ ಆರಿಸಿ ತೆಗೆಯಬೇಕು.

ಈ ಗಿಡ ನನ್ನ ತರಗತಿಗೂ ಬಂದಿತ್ತು. ಒಂದು ವರ್ಷ ನಮ್ಮ ಅಂಗಳದ ಗುಲಬಾಕ್ಷಿಯೊಂದರ ಟೊಂಗೆಯಲ್ಲಿ ಬಿಳಿ ಮಚ್ಚೆಯ ಎಲೆಗಳು ಬಂದವು. ಜರ್ಮನಿಯ ಕಾರ್ಲ್ ಕೊರೆನ್ಸ್ ಎಂಬ ಸಸ್ಯವಿಜ್ಞಾನಿ ಇದೇ ಜಾತಿಯ ಗಿಡದ ಇಂಥದೇ ಟೊಂಗೆಗಳನ್ನು ಇಟ್ಟುಕೊಂಡು 1909ರಲ್ಲಿ ಒಂದು ಮಹತ್ವದ ಸಂಗತಿಯನ್ನು ತೋರಿಸಿಕೊಟ್ಟಿದ್ದರು: ಎಲೆಯ ಈ ಬಣ್ಣ ಪರಾಗ ಯಾವ ಟೊಂಗೆಯಿಂದ ಬಂತೆಂಬುದರ ಮೇಲೆ ನಿಂತಿಲ್ಲ, ಬೀಜ ಕಟ್ಟಿದ ಟೊಂಗೆ ಹೇಗಿತ್ತೆಂಬುದರ ಮೇಲೆ ನಿಂತಿದೆ, ಅಂದರೆ ಆ ಗುಣ ತಾಯಿಯ ಕಡೆಯಿಂದಲೇ ಇಳಿದುಬರುತ್ತದೆ. ನಾನು ಮಚ್ಚೆ ಟೊಂಗೆಯ ಬೀಜಗಳನ್ನು ಬೇರೆಯಾಗಿ ಆರಿಸಿ ಬಿತ್ತಿದೆ. ಕೆಲವು ಹಸಿರಾಗಿ, ಕೆಲವು ಮಚ್ಚೆಯಾಗಿ, ಕೆಲವು ಪೂರ್ತಿ ಬಿಳಿಯಾಗಿ ಹುಟ್ಟಿದವು. ಬಿಳಿಯವು ತಮ್ಮ ಆಹಾರ ತಾವು ತಯಾರಿಸಿಕೊಳ್ಳಲಾರದೆ ಕೆಲವೇ ದಿನಗಳಲ್ಲಿ ಬಿದ್ದುಹೋದವು. ಕುಂಡಗಳನ್ನು ಶಾಲೆಗೆ ಒಯ್ದು ಮಕ್ಕಳ ಮುಂದಿಟ್ಟೆ. ಆಯಿ ಆಗ ಬದುಕಿದ್ದರೆ ತಮ್ಮ ಬೀಜದ ಈ ಪಾಠವನ್ನು ಕೇಳಿಸಬೇಕಿತ್ತೆಂದು ಬಹಳ ಅನ್ನಿಸಿತು.

ಇನ್ನು ಶಾವಂತಿಗೆ. ನನಗೆ ಎಲ್ಲಕ್ಕಿಂತ ಹೆಚ್ಚು ಪ್ರಿಯವಾದ ಹೂವು ಇದು, ಎಲ್ಲಕ್ಕಿಂತ ಹೆಚ್ಚು ಕೆಲಸ ಕೇಳುವುದೂ ಇದೇ. ತವರಿನದು ಸಣ್ಣ ಹಳದಿ ಹೂವಿನ ನಾಟಿ ತಳಿ. ಅಂಗಡಿಯ ದೊಡ್ಡ ಹೂವಿನ ಮುಂದೆ ಕಣ್ಣಿಗೆ ಕಿರಿದು, ಆದರೆ ಕಿತ್ತು ನಾಲ್ಕು ದಿನವಾದರೂ ಬಾಡದು, ವಾಸನೆಯಂತೂ ಎಲೆಗೂ ಇದೆ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಹಿಡಿದು ಹೋಗುವ ಹುಡುಗಿಯರ ಜಡೆಗೆ, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ಮುನ್ನ ಐದು ಕಲ್ಲಿಟ್ಟು ಮಾಡುವ ಪೂಜೆಗೆ, ಅಕ್ಕನ ಕುಬಸದ (ಸೀಮಂತದ) ದಿನ ಅವಳ ತಲೆಯ ದಂಡಿಗೆ, ಎಲ್ಲಕ್ಕೂ ನಮ್ಮ ಅವ್ವ ಈ ಹೂವನ್ನೇ ಬಳಸಿದ್ದಳು. 1995ರ ಫೆಬ್ರುವರಿಯಲ್ಲಿ ನಾನು ಕೇಳಿದಾಗ ಆರು ಮರಿ ಬೇರುಸಹಿತ ಕಿತ್ತು ಕೊಟ್ಟಳು, ಜೊತೆಗೆ ಒಂದು ಕರಾರು ಹಾಕಿದಳು: "ಆರು ಒಯ್ದಿದ್ದಿ, ಮುಂದಿನ ವರ್ಷ ಆರು ಬ್ಯಾರೇದವರಿಗೆ ಕೊಡು."

ಶಾವಂತಿಗೆಯ ವರ್ಷ ನನಗೆ ಹೂವು ಮುಗಿದ ಮೇಲೆ ಆರಂಭವಾಗುತ್ತದೆ. ಜನವರಿಯಲ್ಲಿ ಒಣಗಿದ ಕಾಂಡಗಳನ್ನು ನೆಲದಿಂದ ಗೇಣಿಗಿಂತ ಕಡಿಮೆ ಎತ್ತರಕ್ಕೆ ಕತ್ತರಿಸಿ ನೀರು ಹಾಯಿಸಿದರೆ, ಬುಡದ ಸುತ್ತ ಮರಿಗಳು ಏಳುತ್ತವೆ. ಫೆಬ್ರುವರಿಯಲ್ಲಿ ಅವುಗಳನ್ನು ಬೇರ್ಪಡಿಸಿ ಕುಂಡಗಳಲ್ಲಿ ಇಡುತ್ತೇನೆ. ತಾಯಿಗಿಡವನ್ನು ಹಾಗೆಯೇ ಬಿಟ್ಟರೆ ಮರಿಗಳು ಒಂದರ ಮೇಲೊಂದು ಒತ್ತರಿಸಿ, ಎರಡನೆಯ ವರ್ಷಕ್ಕೆ ಹೂವು ಸಣ್ಣದಾಗಿ, ಮೂರನೆಯ ವರ್ಷಕ್ಕೆ ನಡುಭಾಗ ಸತ್ತುಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ ಬಿಸಿಲು ಸಾಮಾನ್ಯ. ಆಗ ಕುಂಡಗಳನ್ನು ಮನೆಯ ಪೂರ್ವದ ಗೋಡೆಯ ನೆರಳಿಗೆ ಸೇರಿಸಿ, ಮೇಲೆ ಜೋಳದ ಕಣಕಿಯ ಚಪ್ಪರ ಹಾಕಿ, ಬೆಳಿಗ್ಗೆ ಮತ್ತು ಸಂಜೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಬದುಕಿಸಿಕೊಳ್ಳುತ್ತೇನೆ. ಈ ಎರಡು ತಿಂಗಳು ಅವು ಬೆಳೆಯುವುದಿಲ್ಲ, ಬೆಳೆಯಲೆಂದು ಗೊಬ್ಬರ ಹಾಕಿದರೆ ಸುಟ್ಟುಹೋಗುತ್ತವೆ. ಜೂನಿನ ಮಳೆ ಬಿದ್ದ ಮೇಲೆ ಮುಕ್ಕಾಲು ಅಡಿ ಎತ್ತರದ ಏರುಮಡಿ ಮಾಡಿ ಒಂದೊಂದು ಅಡಿಗೆ ಒಂದರಂತೆ ನೆಡುತ್ತೇನೆ. ಏರುಮಡಿ ಇಲ್ಲದಿದ್ದರೆ ಎರೆಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ನೆಟ್ಟ ನಾಲ್ಕು ವಾರಕ್ಕೆ ತುದಿ ಚಿವುಟಬೇಕು. ಈ ಕೆಲಸಕ್ಕೆ ಹೊಸಬರು ಹೆದರುತ್ತಾರೆ, ನಾನೂ ಹೆದರಿದ್ದೆ. ಚಿವುಟದ ಗಿಡ ಒಂದೇ ಕೋಲಾಗಿ ಎತ್ತರಕ್ಕೆ ಹೋಗಿ ತುದಿಯಲ್ಲಷ್ಟೇ ಹೂ ಬಿಡುತ್ತದೆ. ಚಿವುಟಿದ್ದು ಆರೇಳು ಕವಲೊಡೆದು ಪೊದೆಯಾಗುತ್ತದೆ. ಗಿಡ ವಾಲದಂತೆ ತೊಗರಿ ಕಟ್ಟಿಗೆಯ ಆಸರೆ ಕೊಡುತ್ತೇನೆ. ಚಳಿಗಾಲದಲ್ಲಿ ಮೊಗ್ಗಿನ ತೊಟ್ಟಿಗೆ ಕರಿ ಹೇನು ಮುತ್ತಿದರೆ, ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸಾಬೂನಿನ ನೀರಿನೊಂದಿಗೆ ಕಲಸಿ ಹೊಡೆದರೆ ಸಾಕಾಗುತ್ತದೆ.

ಹನ್ನೊಂದು ವರ್ಷ ಈ ಕ್ರಮ ತಪ್ಪಲಿಲ್ಲ. 2006ರಲ್ಲಿ ಅಕ್ಟೋಬರ್ ಕಳೆದು ನವೆಂಬರ್ ಬಂದರೂ ರಸ್ತೆಯ ಕಡೆಯ ಮಡಿಯಲ್ಲಿ ಒಂದು ಮೊಗ್ಗೂ ಕಾಣಲಿಲ್ಲ. ಗಿಡಗಳು ಹಚ್ಚಗೆ, ಎತ್ತರಕ್ಕೆ, ಆರೋಗ್ಯವಾಗಿದ್ದವು, ಹೂವು ಮಾತ್ರ ಇಲ್ಲ. ಮನೆಯ ಹಿಂದೆ ಬಚ್ಚಲ ಪಕ್ಕದಲ್ಲಿ ಉಳಿದ ಮೂರು ಮರಿಗಳನ್ನು ನೆಟ್ಟಿದ್ದೆ. ಅವು ದೀಪಾವಳಿಗೇ ಹೂ ಬಿಟ್ಟಿದ್ದವು. ಮಣ್ಣು ಒಂದೇ, ಗೊಬ್ಬರ ಒಂದೇ, ತಾಯಿ ಒಂದೇ. ಒಂದು ರಾತ್ರಿ ಕದ ಹಾಕಲು ಹೊರಗೆ ಬಂದಾಗ ಅಂಗಳದ ತುಂಬ ಗಿಡಗಳ ನೆರಳು ಬಿದ್ದಿರುವುದನ್ನು ನೋಡಿದೆ. ಆ ಮಳೆಗಾಲದಲ್ಲಿ ನಮ್ಮ ಬೀದಿಗೆ ಹೊಸದಾಗಿ ದೀಪದ ಕಂಬ ಬಂದಿತ್ತು, ಅದರ ಬೆಳಕು ನೇರವಾಗಿ ಮಡಿಯ ಮೇಲೆ ಬೀಳುತ್ತಿತ್ತು. ಶಾವಂತಿಗೆ ಹಗಲು ಕುಗ್ಗಿ ರಾತ್ರಿ ಬೆಳೆದಾಗ ಮೊಗ್ಗು ಹಿಡಿಯುವ ಗಿಡ. ನಮ್ಮ ಊರಿನಲ್ಲಿ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಎರಡು ಗಂಟೆಗಳಷ್ಟೇ. ಆ ಸಣ್ಣ ವ್ಯತ್ಯಾಸವನ್ನೇ ಅದು ಎಣಿಸಿಕೊಂಡು ಕಾಯುತ್ತದೆ. ರಾತ್ರಿಯಿಡೀ ದೀಪ ಉರಿಯುತ್ತಿದ್ದರೆ ಗಿಡದ ಪಾಲಿಗೆ ಕತ್ತಲೆಯೇ ಇಲ್ಲ, ಇನ್ನೂ ಬೇಸಿಗೆಯ ಹಗಲೇ ನಡೆದಿದೆ. ತರಗತಿಯಲ್ಲಿ ಎಷ್ಟೋ ವರ್ಷ ಈ ಪಾಠ ಹೇಳಿದ್ದ ನನಗೆ ನನ್ನದೇ ಅಂಗಳದಲ್ಲಿ ಅದನ್ನು ಗುರುತಿಸಲು ಎರಡು ತಿಂಗಳು ಬೇಕಾಯಿತು.

ಮರುದಿನದಿಂದ ಕಂಬದ ಕಡೆಗೆ ನಾಲ್ಕು ಬಿದಿರು ನೆಟ್ಟು, ಸಂಜೆ ಆರಕ್ಕೆ ಕರಿ ಕಂಬಳಿ ಕಟ್ಟಿ ಬೆಳಿಗ್ಗೆ ಆರೂವರೆಗೆ ಬಿಚ್ಚತೊಡಗಿದೆ. ಮೂರು ವಾರ ಕಳೆಯುವಷ್ಟರಲ್ಲಿ ಸಾಸಿವೆಯಷ್ಟು ಮೊಗ್ಗುಗಳು ಕಂಡವು. ಆ ಸಲ ಹೂವು ಬಂದದ್ದು ಸಂಕ್ರಾಂತಿಯ ಹೊತ್ತಿಗೆ. ಅವ್ವನಿಗೆ ಹೇಳಿದಾಗ ಅವಳಿಗೆ ಆಶ್ಚರ್ಯವಾಗಲಿಲ್ಲ. "ಅದು ಕತ್ತಲಾಗ ಹಡಿಯೂ ಗಿಡ" ಎಂದಳು. ಮುಂದಿನ ವರ್ಷದಿಂದ ಶಾವಂತಿಗೆಯ ಮಡಿ ಮನೆಯ ಹಿಂದಕ್ಕೆ ಹೋಯಿತು. ನಗರದಲ್ಲಿ ಶಾವಂತಿಗೆ ಹೂ ಬಿಡುತ್ತಿಲ್ಲವೆಂದು ಕೇಳುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ, ರಾತ್ರಿ ಆ ಗಿಡದ ಮೇಲೆ ಯಾವ ದೀಪದ ಬೆಳಕು ಬೀಳುತ್ತದೆ ಎಂಬುದು. ಹತ್ತರಲ್ಲಿ ಏಳೆಂಟು ಮಂದಿಯ ತೊಂದರೆ ಅಲ್ಲಿಯೇ ಇರುತ್ತದೆ.

2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿತು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರೂ ಇಲ್ಲಿಯ ಮಳೆಯೂ ಸೇರಿ ದಂಡೆಯ ಹಳ್ಳಿಗಳೊಳಗೆ ನೀರು ನುಗ್ಗಿತು. ನನ್ನ ತಮ್ಮ ಬಂದು ಅವ್ವನನ್ನು ಹೊರಗೆ ಕರೆತಂದು ನಮ್ಮ ಮನೆಗೆ ಬಿಟ್ಟುಹೋದ. ಅವಳ ಕೈಯಲ್ಲಿದ್ದದ್ದು ಒಂದು ಬಟ್ಟೆಯ ಗಂಟು ಮತ್ತು ಲಿಂಗದ ಕರಡಿಗೆ. ತವರಿನ ಹಿತ್ತಿಲಲ್ಲಿ ಎದೆಮಟ್ಟ ನೀರು ಐದು ದಿನ ನಿಂತಿತ್ತು. ಇಳಿದ ಮೇಲೆ ಒಂದು ಅಡಿ ರಾಡಿ ಉಳಿಯಿತು. ಶಾವಂತಿಗೆ ಮೊಗ್ಗು ಹಿಡಿದಿದ್ದ ಸಮಯ ಅದು; ಬೇರಿಗೆ ಒಂದು ದಿನ ಗಾಳಿ ಇಲ್ಲದಿದ್ದರೂ ತಡೆಯದ ಗಿಡ ಅದು, ಐದು ದಿನದಲ್ಲಿ ಒಂದೂ ಉಳಿಯಲಿಲ್ಲ. ಕಣಗಿಲೆ ಒಂದು ಎದ್ದುಕೊಂಡಿತು, ಬಿಲ್ವಪತ್ರೆಯ ಮರ ಉಳಿಯಿತು.

ಅವ್ವ ನಮ್ಮಲ್ಲಿ ಮೊದಲ ವಾರ ಹೆಚ್ಚು ಮಾತನಾಡಲಿಲ್ಲ. ಹಿಂದಿನ ಬಾಗಿಲಲ್ಲಿ ಕುಳಿತು ಮಡಿಯನ್ನು ನೋಡುತ್ತಿದ್ದಳು. ಎಂಟನೆಯ ದಿನ ನಾನು ಅಡುಗೆ ಮಾಡುತ್ತಿರುವಾಗ ಕೈಯಲ್ಲಿ ಕುರ್ಪಿ ಹಿಡಿದು ಕಳೆ ತೆಗೆಯುತ್ತಿದ್ದುದು ಕಾಣಿಸಿತು. ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿ, "ಇದು ನಮ್ಮದೇ" ಎಂದಳು. ಇಪ್ಪತ್ತೈದು ವರ್ಷಗಳ ಹಿಂದೆ ತಾನೇ ಕೊಟ್ಟ ಆರು ಮರಿಗಳ ಮಾತು ಅವಳಿಗೆ ನೆನಪಿತ್ತೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಆ ಕರಾರಿನ ಲೆಕ್ಕವನ್ನು ಅವಳೇ ಕೇಳಿದಳು, ಯಾರ ಯಾರ ಮನೆಗೆ ಕೊಟ್ಟೆ ಎಂದು. ನಾನು ಬೆರಳು ಮಡಚಿ ಹೇಳುತ್ತ ಹೋದೆ. ಹದಿನೇಳು ಮನೆಗಳ ಹೆಸರು ನೆನಪಿಗೆ ಬಂದವು.

ಮನೆ ತೊಳೆದು ಸುಣ್ಣ ಹೊಡೆದ ಮೇಲೆ, ಡಿಸೆಂಬರಿನಲ್ಲಿ ಅವಳು ಊರಿಗೆ ಹಿಂತಿರುಗಿದಳು. 2021ರ ಫೆಬ್ರುವರಿಯಲ್ಲಿ ಎಂದಿಗಿಂತ ಎರಡರಷ್ಟು ಮರಿಗಳನ್ನು ಬೇರ್ಪಡಿಸಿ ಇಪ್ಪತ್ತನಾಲ್ಕು ಕುಂಡಗಳಲ್ಲಿ ಇಟ್ಟೆ. ಆ ಬೇಸಿಗೆ ಕೊರೊನಾದ ಎರಡನೆಯ ಅಲೆಯದು. ಓಣಿಯಲ್ಲಿ ಒಂದರ ಹಿಂದೊಂದು ಕೆಟ್ಟ ಸುದ್ದಿ ಬರುತ್ತಿದ್ದಾಗ ದಿನಕ್ಕೆ ಎರಡು ಸಲ ಆ ಕುಂಡಗಳಿಗೆ ನೀರು ಹಾಕುವ ಕೆಲಸವೊಂದು ನನಗಿತ್ತು, ಅದರಿಂದ ಮನಸ್ಸು ನಿಂತಿತು. ಮೂರು ಸತ್ತವು, ಇಪ್ಪತ್ತೊಂದು ಉಳಿದವು. ನಿರ್ಬಂಧ ಸಡಿಲಗೊಂಡ ಮೇಲೆ, ಜೂನ್ ಕೊನೆಗೆ, ಹದಿನೈದು ಕುಂಡಗಳನ್ನು ಗೋಣಿಯಲ್ಲಿ ಒತ್ತಾಗಿ ನಿಲ್ಲಿಸಿಕೊಂಡು ತಮ್ಮನ ಗಾಡಿಯಲ್ಲಿ ಊರಿಗೆ ಹೋದೆ. ಪ್ರವಾಹ ತಂದು ಹಾಕಿದ ಮೆಕ್ಕಲು ಮಣ್ಣನ್ನು ತಮ್ಮ ಹಿತ್ತಿಲ ಒಂದು ಬದಿಗೆ ಗುಡ್ಡೆ ಹಾಕಿಸಿದ್ದ. ಅದನ್ನೇ ಹರವಿ ಎರಡು ಅಡಿ ಎತ್ತರದ ಮಡಿ ಮಾಡಿ, ಇಳಿಜಾರಿನ ಕಡೆಗೆ ಕಲ್ಲು ಜೋಡಿಸಿದೆವು. ಎಲ್ಲಿ ನೆಡಬೇಕೆಂಬುದನ್ನು ಅವ್ವ ಕೋಲಿನಿಂದ ತೋರಿಸಿದಳು. ನಾನು ನೆಟ್ಟೆ, ತಮ್ಮನ ಮಗಳು ನೀರು ಹಾಕಿದಳು. ಜುಲೈ ಕೊನೆಗೆ ತುದಿ ಚಿವುಟಲು ಹೇಳಿ ಫೋನ್ ಮಾಡಿದರೆ, ಅಜ್ಜಿ ಆಗಲೇ ಚಿವುಟಿಸಿದ್ದಾಳೆ ಎಂದು ಉತ್ತರ ಬಂತು.

ಆ ವರ್ಷ ಎಳ್ಳಮಾವಾಸ್ಯೆಗೆ ನಾವೆಲ್ಲ ಊರಲ್ಲಿದ್ದೆವು. ಸಜ್ಜೆಯ ಕಡಬು, ಭಜ್ಜಿ, ರೊಟ್ಟಿಯ ಬುಟ್ಟಿಗಳ ಮೇಲೆ ಹಿತ್ತಿಲ ಹಳದಿ ಶಾವಂತಿಗೆಯನ್ನು ಹರವಿ ಹೊಲಕ್ಕೆ ಒಯ್ದೆವು. ಈ ಫೆಬ್ರುವರಿಯಲ್ಲಿ ನಾನು ಬೇರ್ಪಡಿಸಿದ ಮರಿಗಳು ಹದಿನೆಂಟು. ಆರು ನಮ್ಮ ಮಡಿಗೆ, ಆರು ಬೀದರಿಗೆ ಅಕ್ಕನ ಸೊಸೆಗೆ, ಉಳಿದ ಆರು ಎದುರು ಮನೆಗೆ ಹೊಸದಾಗಿ ಬಂದವರಿಗೆ. ಅವರ ಅಂಗಳಕ್ಕೆ ಬೀದಿದೀಪ ಬೀಳುತ್ತದೆ, ಆದ್ದರಿಂದ ಕುಂಡಗಳ ಜೊತೆಗೆ ಆ ಹಳೆಯ ಕರಿ ಕಂಬಳಿಯನ್ನೂ ಕೊಟ್ಟಿದ್ದೇನೆ.